ದೆವ್ವ ಹುಡುಕುವ ಜಾಗದಲ್ಲಿ ಗಡ್ಡೆ ಹುಡುಕಿದ ಡಾಕ್ಟರ್: ಬೂರ್ನ್‌ವಿಲ್ ಕಥೆ, ಜೊತೆಗೆ ಸಿಗರೇಟಿಗೆ ಸಂಬಂಧವಿಲ್ಲದ ಒಂದು ಶ್ವಾಸಕೋಶದ ಕಾಯಿಲೆ

ಮೂರ್ಛೆ ಬಂದು ಬಿದ್ದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡಿ, ಈರುಳ್ಳಿ ಮೂಸಿಸಿ, ಚಪ್ಪಲಿ ಮೂಗಿನ ಹತ್ತಿರ ಹಿಡಿಯಿರಿ. ಈ ಥರದ ಫಾರ್ವರ್ಡ್ ನಿಮ್ಮ ವಾಟ್ಸ್‌ಆಪ್ ಗುಂಪಿಗೂ ಒಂದಲ್ಲ ಒಂದು ಸಲ ಬಂದಿರುತ್ತದೆ. ಇದರಲ್ಲಿ ಯಾವುದರಿಂದಲೂ ಫಿಟ್ಸ್ ನಿಲ್ಲುವುದಿಲ್ಲ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಅಷ್ಟರಲ್ಲಿ ಯಾರೋ ಬೀಗದ ಕೈ ಕೊಟ್ಟಿರುತ್ತಾರೆ, ಹೆಸರು ಅದಕ್ಕೆ ಬರುತ್ತದೆ.

ಇನ್ನೊಂದು ನಂಬಿಕೆಯೂ ಅಷ್ಟೇ ಗಟ್ಟಿ: ಶ್ವಾಸಕೋಶದಲ್ಲಿ ಗಡ್ಡೆ ಅಂದರೆ ಬೀಡಿ ಸಿಗರೇಟು ಸೇದಿರಲೇಬೇಕು. ಹಾಗಾಗಿ ಮೂವತ್ತರ ಹೆಣ್ಣುಮಗಳು ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರೆ ಮನೆಯವರಿಗೆ ಗಡ್ಡೆಯ ಯೋಚನೆಯೇ ಬರುವುದಿಲ್ಲ. ರಕ್ತ ಕಮ್ಮಿ, ಅಸ್ತಮಾ, ತೂಕ ಜಾಸ್ತಿ, ಟೆನ್ಷನ್ ಎಂದೆಲ್ಲ ಹೇಳುತ್ತಾರೆ.

ಫಿಟ್ಸಿಗೂ ಆ ಏದುಸಿರಿಗೂ ಏನು ಸಂಬಂಧ? ಕೆಲವರಲ್ಲಿ ಎರಡಕ್ಕೂ ಮೂಲ ಒಂದೇ. ಹುಟ್ಟುವಾಗಲೇ ಜೀವಕೋಶಗಳಲ್ಲಿ ಕೂತಿರುವ ಒಂದು ತಪ್ಪು. ಆ ಕಾಯಿಲೆಗೆ ಇಂದು ಟ್ಯೂಬರಸ್ ಸ್ಕ್ಲೆರೋಸಿಸ್ ಎಂದು ಹೆಸರು. ಹಿಂದೆ ಅದನ್ನು ಬೂರ್ನ್‌ವಿಲ್ ಕಾಯಿಲೆ ಎನ್ನುತ್ತಿದ್ದರು. ಈ ಬೂರ್ನ್‌ವಿಲ್ ಯಾರು ಅಂತ ತಿಳಿದರೆ ಕಾಯಿಲೆಯೂ ಅರ್ಧ ಅರ್ಥವಾಗುತ್ತದೆ. ನಮ್ಮಂಥ ಸುಳ್ಳು ಸುದ್ದಿ ಬಿಡಿಸುವವರಿಗೆ ಅವರು ಒಂಥರಾ ಹಿರಿಯಣ್ಣ ಕೂಡ.

ಹಳ್ಳಿಯಿಂದ ಪ್ಯಾರಿಸ್‌ಗೆ

ಡೆಸಿರೆ ಮಗ್ಲುವಾರ್ ಬೂರ್ನ್‌ವಿಲ್ ಹುಟ್ಟಿದ್ದು 1840ರ ಅಕ್ಟೋಬರ್ 20ರಂದು, ಫ್ರಾನ್ಸಿನ ನಾರ್ಮಂಡಿ ಸೀಮೆಯ ಗಾರಾನ್ಸಿಯೇರ್ ಎಂಬ ಸಣ್ಣ ಊರಿನಲ್ಲಿ. ದೊಡ್ಡ ಮನೆತನವೇನಲ್ಲ. ಅದೇ ಸೀಮೆಯವರಾದ ಡೆಲಾಸಿಯೋವ್ ಎಂಬ ಡಾಕ್ಟರ್ ಪ್ಯಾರಿಸ್‌ನಲ್ಲಿ ಮೂರ್ಛೆ ರೋಗಕ್ಕೆ ಹೆಸರಾಗಿದ್ದರು. ಊರಿನ ಹುಡುಗನಿಗೆ ವೈದ್ಯಕೀಯದ ದಾರಿ ತೋರಿಸಿದವರು ಅವರೇ. ಮೂರ್ಛೆ ರೋಗಿಗಳ ಬಗ್ಗೆ ಬೂರ್ನ್‌ವಿಲ್‌ಗೆ ಜೀವನಪೂರ್ತಿ ಉಳಿದ ಕಾಳಜಿ ಶುರುವಾದದ್ದು ಆ ಗುರುವಿನಿಂದ ಎನ್ನಬಹುದು.

ಓದುತ್ತಿರುವಾಗಲೇ, 1866ರಲ್ಲಿ, ಅಮಿಯಾಂ ನಗರಕ್ಕೆ ಕಾಲರಾ ಬಡಿಯಿತು. ಬೂರ್ನ್‌ವಿಲ್ ತಾವಾಗಿಯೇ ಅಲ್ಲಿಗೆ ಹೋದರು. ಆಗಿನ್ನೂ ಕಾಲರಾ ಯಾವುದರಿಂದ ಬರುತ್ತದೆ ಎಂಬುದು ಡಾಕ್ಟರುಗಳಿಗೇ ಖಚಿತವಿರಲಿಲ್ಲ. ಹೋದವರು ಬದುಕಿ ಬರುತ್ತಾರೆ ಎಂಬ ಭರವಸೆಯೂ ಇರಲಿಲ್ಲ. ಬದುಕಿ ಬಂದರು. ಊರಿನವರು ಕೃತಜ್ಞತೆಗೆ ಚಿನ್ನದ ಕೈಗಡಿಯಾರ, ಅಂದರೆ ಆಗಿನ ಕಾಲದ ಜೇಬು ಗಡಿಯಾರ, ಕೊಟ್ಟರು.

1870ರಲ್ಲಿ ಫ್ರಾನ್ಸ್‌ಗೂ ಪ್ರಷ್ಯಾಕ್ಕೂ ಯುದ್ಧವಾದಾಗ ಗಾಯಾಳುಗಳಿಗೆ ಚಿಕಿತ್ಸೆ ಕೊಡುವ ಕೆಲಸ. ಮರುವರ್ಷ ಪ್ಯಾರಿಸ್‌ನಲ್ಲೇ ದಂಗೆ. ಆಸ್ಪತ್ರೆಯಲ್ಲಿ ಮಲಗಿದ್ದ ಎದುರು ಪಕ್ಷದ ಗಾಯಾಳುಗಳನ್ನು ಕೊಲ್ಲಬೇಕೆಂದು ದಂಗೆಕೋರರು ಬಂದಾಗ ಬೂರ್ನ್‌ವಿಲ್ ಅಡ್ಡ ನಿಂತರು. ವಿಶೇಷವೇನೆಂದರೆ ಅವರ ರಾಜಕೀಯ ಒಲವು ಎಡಪಂಥದ ಕಡೆಗೇ ಇತ್ತು. ಮಂಚದ ಮೇಲೆ ಮಲಗಿದವನಿಗೆ ಪಕ್ಷವಿಲ್ಲ ಎಂಬಂತೆ ನಡೆದುಕೊಂಡರು.

ಆಮೇಲೆ ಸಾಲ್‌ಪೆಟ್ರಿಯೇರ್. ಪ್ಯಾರಿಸ್‌ನ ಈ ಆಸ್ಪತ್ರೆಯನ್ನು ಆಸ್ಪತ್ರೆ ಅನ್ನುವುದಕ್ಕಿಂತ ಒಂದು ಊರು ಅನ್ನಬೇಕು. ಸಾವಿರಾರು ಹೆಂಗಸರು ಅಲ್ಲಿ ವರ್ಷಗಟ್ಟಲೆ ಇರುತ್ತಿದ್ದರು: ಮೂರ್ಛೆ ರೋಗಿಗಳು, ಲಕ್ವ ಹೊಡೆದವರು, ಮನೋರೋಗಿಗಳು, ನೋಡಿಕೊಳ್ಳುವವರಿಲ್ಲದ ಮುದುಕಿಯರು. ನರರೋಗ ವಿಜ್ಞಾನದ ದೊಡ್ಡ ಹೆಸರಾದ ಶಾರ್ಕೋ ಅಲ್ಲಿದ್ದರು. ಬೂರ್ನ್‌ವಿಲ್ ಅವರ ಬಲಗೈಯಾದರು, ಪಾಠಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದರು. 1873ರಲ್ಲಿ ತಮ್ಮದೇ ವೈದ್ಯಕೀಯ ವಾರಪತ್ರಿಕೆ ಶುರು ಮಾಡಿದರು. ಡಾಕ್ಟರ್ ಕೆಲಸದ ಜೊತೆ ಪತ್ರಿಕೆ, ಪುಸ್ತಕ, ಮುಂದೆ ರಾಜಕೀಯ. ಈ ಮನುಷ್ಯ ಮಲಗುತ್ತಿದ್ದದ್ದು ಯಾವಾಗ ಎಂಬ ಅನುಮಾನ ಬರುತ್ತದೆ.

ಗೆಡ್ಡೆಯಂಥ ಗಡ್ಡೆ

1879ರಲ್ಲಿ ಸಾಲ್‌ಪೆಟ್ರಿಯೇರ್‌ನಲ್ಲಿ ಅವರ ಕೈಗೆ ಬಂದವಳು 15 ವರ್ಷದ ಒಬ್ಬ ಹುಡುಗಿ. ಹಸುಗೂಸಾಗಿದ್ದಾಗಿನಿಂದಲೂ ಫಿಟ್ಸ್. ದೇಹದ ಒಂದು ಪಕ್ಕಕ್ಕೆ ಸ್ವಾಧೀನ ಕಡಿಮೆ, ಬುದ್ಧಿ ಬೆಳವಣಿಗೆ ಆಗಿಲ್ಲ. ಮೂಗು, ಕೆನ್ನೆ, ಹಣೆಯ ಮೇಲೆ ಮೊಡವೆಯಂಥ ಗುಳ್ಳೆಗಳು. ಒಂದರ ಹಿಂದೊಂದು ಫಿಟ್ಸ್ ಬರತೊಡಗಿದವು, ಆ ಕಾಲದ ಯಾವ ಔಷಧವೂ ನಾಟಲಿಲ್ಲ. ಹುಡುಗಿ ತೀರಿಕೊಂಡಳು.

ಇಂಥ ಮಕ್ಕಳು ಸತ್ತರೆ ಆ ಕಾಲದಲ್ಲಿ ಯಾರೂ ಏಕೆ ಎಂದು ಕೇಳುತ್ತಿರಲಿಲ್ಲ. ಅಪ್ಪ ಕುಡುಕ ಇರಬೇಕು, ತಾಯಿ ಬಸುರಿಯಲ್ಲಿ ಹೆದರಿರಬೇಕು ಎಂದು ಕಾರಣ ಕೊಟ್ಟು ಮುಗಿಸುತ್ತಿದ್ದರು. ನಮ್ಮಲ್ಲಿ ಗ್ರಹಣ, ನಾಗದೋಷ ಅನ್ನುತ್ತೇವಲ್ಲ, ಹಾಗೆ. ಬೂರ್ನ್‌ವಿಲ್ ಮರಣೋತ್ತರ ಪರೀಕ್ಷೆ ಮಾಡಿದರು. ಮಿದುಳಿನ ಮೇಲ್ಪದರದ ಮಡಿಕೆಗಳಲ್ಲಿ ಅಲ್ಲಲ್ಲಿ ಬಿಳಿಚಿದ, ಸುತ್ತಲಿನ ಭಾಗಕ್ಕಿಂತ ಗಟ್ಟಿಯಾದ ಉಬ್ಬುಗಳು ಸಿಕ್ಕವು. ಮುಟ್ಟಿದರೆ ಆಲೂಗಡ್ಡೆಯ ನೆನಪು. ಅದಕ್ಕೇ ಟ್ಯೂಬರ್, ಅಂದರೆ ಗೆಡ್ಡೆ, ಎಂಬ ಪದ ಬಳಸಿದರು. ಸ್ಕ್ಲೆರೋಸಿಸ್ ಎಂದರೆ ಗಟ್ಟಿಯಾಗುವುದು. ಕನ್ನಡದಲ್ಲಿ ನೆಲದ ಗೆಡ್ಡೆಗೂ ಮೈಯ ಗಡ್ಡೆಗೂ ಒಂದೇ ಅಕ್ಷರದ ವ್ಯತ್ಯಾಸವಿರುವುದರಿಂದ ಈ ಹೆಸರು ನಮಗೆ ಫ್ರೆಂಚರಿಗಿಂತ ಚೆನ್ನಾಗಿ ಒಪ್ಪುತ್ತದೆ.

1880ರಲ್ಲಿ ಈ ವರದಿ ಪ್ರಕಟವಾಯಿತು. ಫಿಟ್ಸಿಗೆ ಕಾರಣ ಮಿದುಳಿನಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತು ಎಂದು ತೋರಿಸಿದ ವರದಿ ಅದು. ಇಂಥ ಗೆಡ್ಡೆಗಳನ್ನು ಮೊದಲು ಕಂಡವರು ಇವರೇ ಏನಲ್ಲ. 1862ರಲ್ಲೇ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ ಒಂದು ನವಜಾತ ಶಿಶುವಿನ ಹೃದಯದಲ್ಲಿ ಗಡ್ಡೆಗಳನ್ನೂ ಮಿದುಳಿನಲ್ಲಿ ಗಟ್ಟಿಯಾದ ಭಾಗಗಳನ್ನೂ ನೋಡಿ ಚಿಕ್ಕದಾಗಿ ಬರೆದಿದ್ದರು. ಆದರೆ ಬದುಕಿದ್ದಾಗ ಕಂಡ ಕಾಯಿಲೆಯನ್ನೂ ಸತ್ತ ಮೇಲೆ ಕಂಡ ಮಿದುಳನ್ನೂ ಜೋಡಿಸಿ ಹೆಸರಿಟ್ಟವರು ಬೂರ್ನ್‌ವಿಲ್.

ಅವರೂ ಎಡವಿದರು. ಆ ಹುಡುಗಿಯ ಮೂತ್ರಪಿಂಡದಲ್ಲೂ ಸಣ್ಣ ಬಿಳಿ ಗಡ್ಡೆಗಳಿದ್ದವು. ನೋಡಿದರು, ಬರೆದುಕೊಂಡರು, ಆದರೆ ಮಿದುಳಿನ ಗೆಡ್ಡೆಗೂ ಅದಕ್ಕೂ ನಂಟು ಹಾಕಲಿಲ್ಲ. ಮುಖದ ಗುಳ್ಳೆಗಳೂ ಅಷ್ಟೇ, ಬೇರೇನೋ ಚರ್ಮದ ತೊಂದರೆ ಎಂದುಕೊಂಡರು. ಸ್ವಲ್ಪ ಸಮಯದ ನಂತರ ಸಹೋದ್ಯೋಗಿ ಬ್ರಿಸೋ ಜೊತೆ ನಾಲ್ಕು ವರ್ಷದ ಒಬ್ಬ ಹುಡುಗನ ದೇಹ ಪರೀಕ್ಷಿಸಿದಾಗ ಮತ್ತೆ ಮಿದುಳಿನಲ್ಲೂ ಮೂತ್ರಪಿಂಡದಲ್ಲೂ ಗಡ್ಡೆ. ಆಗ ಇದು ಕಾಕತಾಳೀಯವಲ್ಲ, ಎರಡೂ ಒಂದೇ ಕಾಯಿಲೆಯ ಮುಖಗಳು ಎಂಬ ಅನುಮಾನ ಬಂತು.

ಆ ಅನುಮಾನ ಎಷ್ಟು ದೂರ ಹೋಗಬಹುದು ಎಂದು ಅವರಿಗೆ ಗೊತ್ತಿರಲಿಲ್ಲ. ಶ್ವಾಸಕೋಶದ ತನಕ ಹೋಗಲು ಇನ್ನೂ ಸುಮಾರು ನಾಲ್ಕು ದಶಕ ಬೇಕಿತ್ತು.

ದೆವ್ವದ ಗ್ರಂಥಾಲಯ

ಬೂರ್ನ್‌ವಿಲ್ ಅವರ ಇನ್ನೊಂದು ಹುಚ್ಚು, ದೆವ್ವದ ಪುಸ್ತಕಗಳು. 1882ರಿಂದ ಅವರು ಒಂದು ಪುಸ್ತಕ ಮಾಲೆ ಹೊರತಂದರು, ಅದಕ್ಕೆ ದೆವ್ವದ ಗ್ರಂಥಾಲಯ ಎಂಬರ್ಥದ ಹೆಸರು. ಹೆದರಿಸುವುದಕ್ಕಲ್ಲ. ಹಿಂದಿನ ಶತಮಾನಗಳಲ್ಲಿ ದೆವ್ವ ಹಿಡಿದಿದೆ, ಮಾಟಗಾತಿ ಎಂದು ಹೇಳಿ ಚಿತ್ರಹಿಂಸೆ ಕೊಟ್ಟ, ಸುಟ್ಟ ಹೆಂಗಸರ ನ್ಯಾಯಾಲಯದ ದಾಖಲೆಗಳನ್ನು ಹುಡುಕಿ, ವೈದ್ಯರ ಟಿಪ್ಪಣಿ ಸಮೇತ ಮರುಮುದ್ರಿಸಿದರು. ಮಾಟಗಾತಿಯರೆಂದು ಕರೆಸಿಕೊಂಡವರು ಕಾಯಿಲೆಯವರು, ಅವರಿಗೆ ಬೇಕಾದದ್ದು ಬೆಂಕಿಯಲ್ಲ ಎಂದು 16ನೇ ಶತಮಾನದಲ್ಲೇ ವಾದಿಸಿದ್ದ ಯೋಹಾನ್ ವೇಯರ್ ಎಂಬ ವೈದ್ಯರ ಪುಸ್ತಕವೂ ಆ ಮಾಲೆಯಲ್ಲಿತ್ತು. ಇದಕ್ಕೂ ಮೊದಲು, 1875ರಲ್ಲಿ, ಪ್ರತಿ ಶುಕ್ರವಾರ ಮೈಯಿಂದ ರಕ್ತ ಬರುತ್ತದೆಂದು ಯುರೋಪಿನಲ್ಲೆಲ್ಲ ಸುದ್ದಿಯಾಗಿದ್ದ ಲೂಯಿಸ್ ಲಾಟೋ ಎಂಬ ಬೆಲ್ಜಿಯಂ ಯುವತಿಯ ಬಗ್ಗೆ ಅವರು ಪುಸ್ತಕ ಬರೆದು, ಅದು ಪವಾಡವಲ್ಲ ಕಾಯಿಲೆ ಎಂದು ವಾದಿಸಿದ್ದರು.

ಇಲ್ಲಿ ನಾವು ಪ್ರಾಮಾಣಿಕವಾಗಿರಬೇಕು. ದೆವ್ವದ ಜಾಗಕ್ಕೆ ಅವರು ತಂದು ಕೂರಿಸಿದ್ದು ಹಿಸ್ಟೀರಿಯಾ ಎಂಬ ಪದವನ್ನು. ಆ ಪದವೂ ಇಂದು ವೈದ್ಯಕೀಯದಲ್ಲಿ ಉಳಿದಿಲ್ಲ. ಅದರ ಹೆಸರಿನಲ್ಲಿ ಹೆಂಗಸರ ನಿಜವಾದ ನೋವು, ಕಾಯಿಲೆಗಳನ್ನು ಎಲ್ಲ ಮನಸ್ಸಿನ ಆಟ ಎಂದು ತಳ್ಳಿಹಾಕಿದ್ದೂ ಉಂಟು. ನೂರಾರು ವರ್ಷ ಹಿಂದೆ ಸತ್ತವರಿಗೆ ಕಾಗದ ನೋಡಿ ರೋಗನಿರ್ಣಯ ಮಾಡುವುದೂ ಅತಿ ಧೈರ್ಯವೇ. ಆದರೂ ಮೂರ್ಛೆ ಬಂದ ಹೆಂಗಸನ್ನು ಬೆಂಕಿಗೆ ಕಳಿಸುವುದಕ್ಕೂ ವಾರ್ಡಿಗೆ ಕಳಿಸುವುದಕ್ಕೂ ವ್ಯತ್ಯಾಸವಿದೆಯಷ್ಟೆ.

ಬಿಸೆತ್ರ್‌ನ ಮಕ್ಕಳು

1879ರಲ್ಲಿ ಬೂರ್ನ್‌ವಿಲ್ ಅವರಿಗೆ ಪ್ಯಾರಿಸ್ ಪಕ್ಕದ ಬಿಸೆತ್ರ್ ಆಸ್ಪತ್ರೆಯ ಮಕ್ಕಳ ವಿಭಾಗದ ಹೊಣೆ ಬಂತು. ಬುದ್ಧಿಮಾಂದ್ಯ ಮಕ್ಕಳು, ಮೂರ್ಛೆ ರೋಗದ ಮಕ್ಕಳು. ಗುಣವಾಗದವರು ಎಂದು ಮನೆಯವರೂ ಸಮಾಜವೂ ಕೈಬಿಟ್ಟವರು. ಅವರು ಅಲ್ಲಿ 26 ವರ್ಷ, 1905ರವರೆಗೆ ಇದ್ದರು. ಅವರ ಬದುಕಿನ ನಿಜವಾದ ಕೆಲಸ ಇದೇ ಎಂದು ನನಗನಿಸುತ್ತದೆ, ಆ ಪ್ರಸಿದ್ಧ ವರದಿಯಲ್ಲ.

ಹಿಂದೆ ಅದೇ ಬಿಸೆತ್ರ್‌ನಲ್ಲಿ ಸೆಗ್ಯಾಂ ಎಂಬುವರು ಇಂಥ ಮಕ್ಕಳಿಗೆ ಕಲಿಸಬಹುದು ಎಂದು ತೋರಿಸಿ, ಯಾರೂ ಕೇಳದೆ ಅಮೆರಿಕಕ್ಕೆ ಹೋಗಿದ್ದರು. ಬೂರ್ನ್‌ವಿಲ್ ಆ ವಿಧಾನವನ್ನು ಮತ್ತೆ ಹಿಡಿದರು. ನಿಲ್ಲಲಾರದ ಮಗುವಿಗೆ ನಿಲ್ಲುವುದು, ನಿಂತವನಿಗೆ ನಡೆಯುವುದು, ಚಮಚ ಹಿಡಿಯುವುದು, ಗುಂಡಿ ಹಾಕುವುದು, ದಾರ ಕಟ್ಟುವುದು. ಅಷ್ಟಾದ ಮೇಲೆ ಅಕ್ಷರ. ದೊಡ್ಡವರಿಗೆ ಬಡಗಿ ಕೆಲಸ, ಚಪ್ಪಲಿ ಹೊಲಿಯುವುದು, ದರ್ಜಿ ಕೆಲಸ, ಬುಟ್ಟಿ ಹೆಣೆಯುವುದು. ಒಂದು ಮುದ್ರಣಾಲಯವನ್ನೂ ಹಾಕಿಸಿದರು. ಬೂರ್ನ್‌ವಿಲ್ ಪ್ರತಿ ವರ್ಷ ಹೊರತರುತ್ತಿದ್ದ ಮೂರ್ಛೆ ರೋಗದ ವೈದ್ಯಕೀಯ ವರದಿಗಳನ್ನು ಅಚ್ಚು ಹಾಕಿದವರು ಆ ಮಕ್ಕಳೇ. ಗುಣವಾಗದವರು ಎಂದು ಬರೆಸಿಕೊಂಡವರ ಕೈಯಿಂದಲೇ ಅವರ ಕಾಯಿಲೆಯ ಪುಸ್ತಕ ಬಂತು.

ಇದೇ ದಾರಿಯಲ್ಲಿ ಇಟಲಿಯ ಒಬ್ಬ ಯುವ ವೈದ್ಯೆ ಸೆಗ್ಯಾಂ ಪುಸ್ತಕ ಓದಿ ಬಿಸೆತ್ರ್ ನೋಡಲು ಬಂದರು. ಅವರ ಹೆಸರು ಮರಿಯಾ ಮಾಂಟೆಸ್ಸರಿ. ನಮ್ಮ ಬೀದಿ ಕೊನೆಯ ಮಾಂಟೆಸ್ಸರಿ ಶಾಲೆಯಲ್ಲಿ ಮಗು ಗುಂಡಿ ಹಾಕುವ ಚೌಕಟ್ಟು ಹಿಡಿದು ಕೂತಿರುತ್ತದಲ್ಲ, ಅದರ ಬೇರು ಈ ಮಕ್ಕಳ ವಾರ್ಡುಗಳಲ್ಲಿದೆ.

ದುಡ್ಡು ಎಲ್ಲಿಂದ ಬಂತು? ಅದಕ್ಕೇ ರಾಜಕೀಯ. 1876ರಿಂದ 1883ರವರೆಗೆ ಪ್ಯಾರಿಸ್ ನಗರಸಭೆಯಲ್ಲಿ, ಆಮೇಲೆ 1889ರವರೆಗೆ ಸಂಸತ್ತಿನಲ್ಲಿ ಸದಸ್ಯರಾಗಿದ್ದರು. ಅಲ್ಲಿ ಅವರು ಹಿಡಿದ ದೊಡ್ಡ ಜಗಳ ನರ್ಸುಗಳದ್ದು. ಪ್ಯಾರಿಸ್ ಆಸ್ಪತ್ರೆಗಳಲ್ಲಿ ಆಗ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಬಹುಮಟ್ಟಿಗೆ ಕ್ರೈಸ್ತ ಸನ್ಯಾಸಿನಿಯರು. ಅವರ ಜಾಗಕ್ಕೆ ತರಬೇತಿ ಪಡೆದು ಸಂಬಳ ತೆಗೆದುಕೊಳ್ಳುವ ನರ್ಸುಗಳು ಬರಬೇಕು ಎಂದು ಹಟ ಹಿಡಿದು, 1878ರಲ್ಲಿ ಸಾಲ್‌ಪೆಟ್ರಿಯೇರ್ ಮತ್ತು ಬಿಸೆತ್ರ್‌ನಲ್ಲಿ ನರ್ಸಿಂಗ್ ಶಾಲೆ ತೆರೆಸಿದರು. ಪಠ್ಯಪುಸ್ತಕವನ್ನೂ ತಾವೇ ಸಿದ್ಧಪಡಿಸಿದರು. ಡಾಕ್ಟರುಗಳಲ್ಲೇ ಹಲವರು ತಿರುಗಿಬಿದ್ದರು, ಸೇವೆಯನ್ನೇ ಬದುಕು ಮಾಡಿಕೊಂಡಿದ್ದ ಸನ್ಯಾಸಿನಿಯರನ್ನು ಹೊರಗೆ ಹಾಕುವುದು ಅನ್ಯಾಯ ಎಂದರು. ಅವರ ಮಾತಿನಲ್ಲಿ ಸ್ವಲ್ಪ ನ್ಯಾಯವೂ ಇತ್ತು. ಬೂರ್ನ್‌ವಿಲ್ ಮೃದುವಾಗಿ ಮಾತಾಡುವ ಪೈಕಿ ಅಲ್ಲ. ಆದರೆ ನರ್ಸಿಂಗ್ ಎಂದರೆ ಬರೀ ಪುಣ್ಯದ ಕೆಲಸವಲ್ಲ, ಕಲಿಯಬೇಕಾದ ವಿದ್ಯೆ ಎಂಬುದು ಅಲ್ಲಿಂದ ಫ್ರಾನ್ಸಿನಲ್ಲಿ ಬೇರೂರಿತು.

ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಸಾಮಾನ್ಯ ಶಾಲೆಗಳಲ್ಲೇ ವಿಶೇಷ ತರಗತಿ ಬೇಕೆಂದು ಅವರು ವರ್ಷಗಟ್ಟಲೆ ಒತ್ತಾಯಿಸುತ್ತಿದ್ದರು. ಆ ಕಾನೂನು ಬಂದದ್ದು 1909ರ ಏಪ್ರಿಲ್ 15ರಂದು. ಮೇ 28ರಂದು ಬೂರ್ನ್‌ವಿಲ್ ತೀರಿಕೊಂಡರು.

ಶ್ವಾಸಕೋಶಕ್ಕೆ ತಲುಪಿದ್ದು

ಅವರು ಸಾಯುವ ಹಿಂದಿನ ವರ್ಷ, 1908ರಲ್ಲಿ, ಜರ್ಮನಿಯ ಫೋಗ್ಟ್ ಎಂಬುವರು ಫಿಟ್ಸ್, ಬುದ್ಧಿ ಬೆಳವಣಿಗೆಯ ತೊಂದರೆ, ಮುಖದ ಗುಳ್ಳೆ ಮೂರೂ ಸೇರಿದರೆ ಇದೇ ಕಾಯಿಲೆ ಎಂದು ಗುರುತು ಕೊಟ್ಟರು. 1918ರಲ್ಲಿ ಫ್ರಾನ್ಸಿನಲ್ಲೇ ಲುಟೆಂಬಾಷೆ ಎಂಬ ವೈದ್ಯರು 36 ವರ್ಷದ ಒಬ್ಬ ಮಹಿಳೆಯ ವರದಿ ಬರೆದರು. ಆಕೆಯ ಎರಡೂ ಶ್ವಾಸಕೋಶಗಳು ತೂತಾಗಿ ಎದೆಗೂಡಿನೊಳಗೆ ಗಾಳಿ ಸೋರಿತ್ತು. ಶ್ವಾಸಕೋಶದ ತುಂಬ ನೀರ್ಗುಳ್ಳೆಯಂಥ ಟೊಳ್ಳುಗಳು. ಮೂತ್ರಪಿಂಡದಲ್ಲಿ ಗಡ್ಡೆಗಳು. ಮೂತ್ರಪಿಂಡದ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದೆ ಎಂದುಕೊಂಡರು. ಇಂದು ಹಿಂತಿರುಗಿ ನೋಡುವವರು ಅದನ್ನು ಟ್ಯೂಬರಸ್ ಸ್ಕ್ಲೆರೋಸಿಸ್ ಶ್ವಾಸಕೋಶವನ್ನು ಹಿಡಿದ ಮೊದಲ ವರದಿಗಳಲ್ಲಿ ಒಂದು ಎಂದು ಎಣಿಸುತ್ತಾರೆ.

ಆ ಶ್ವಾಸಕೋಶದ ಕಾಯಿಲೆಗೆ ಈಗ ಉದ್ದದ ಹೆಸರಿದೆ: ಲಿಂಫ್ಯಾಂಜಿಯೋಲಿಯೋಮಯೋಮಟೋಸಿಸ್. ಡಾಕ್ಟರುಗಳೂ ಹೇಳಲಾರದೆ ಲ್ಯಾಮ್ ಅನ್ನುತ್ತಾರೆ. ನಾವೂ ಹಾಗೇ ಅನ್ನೋಣ. ಎಕ್ಸ್‌ರೇಯಲ್ಲಿ ಒಂದು ಉಂಡೆಯಾಗಿ ಕಾಣುವ ಗಡ್ಡೆ ಇದಲ್ಲ. ನಯವಾದ ಸ್ನಾಯುವಿನ ಥರ ಇರುವ ಕೋಶಗಳು ಶ್ವಾಸಕೋಶದ ಸಣ್ಣ ಗಾಳಿ ಕೊಳವೆ, ರಕ್ತನಾಳ, ದುಗ್ಧನಾಳಗಳ ಸುತ್ತ ಬೆಳೆಯುತ್ತವೆ. ನಿಧಾನವಾಗಿ ಸುತ್ತಲಿನ ಭಾಗ ನಾಶವಾಗಿ ಗಾಳಿ ತುಂಬಿದ ಟೊಳ್ಳುಗಳು ಹುಟ್ಟುತ್ತವೆ. ಟೊಳ್ಳು ಒಡೆದರೆ ಶ್ವಾಸಕೋಶ ಕುಸಿಯುತ್ತದೆ, ಎದೆಯಲ್ಲಿ ಚುಚ್ಚಿದಂಥ ನೋವು, ತಕ್ಷಣ ಉಸಿರು ಕಟ್ಟುತ್ತದೆ. ದುಗ್ಧನಾಳ ಒಡೆದರೆ ಎದೆಯೊಳಗೆ ಹಾಲಿನಂಥ ದ್ರವ ತುಂಬುತ್ತದೆ. ಈ ಕೋಶಗಳು ಮೈಯಲ್ಲಿ ಬೇರೆಡೆಯಿಂದ ಪ್ರಯಾಣ ಮಾಡಿ ಶ್ವಾಸಕೋಶಕ್ಕೆ ಬರುತ್ತವೆ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ: ಶ್ವಾಸಕೋಶ ಕಸಿ ಮಾಡಿಸಿಕೊಂಡ ಕೆಲವರಲ್ಲಿ ಹೊಸ ಶ್ವಾಸಕೋಶದೊಳಗೆ ಸಿಕ್ಕ ಲ್ಯಾಮ್ ಕೋಶಗಳು ದಾನಿಯವಲ್ಲ, ರೋಗಿಯವೇ ಆಗಿದ್ದವು. ಹಾಗಾಗಿ ಈಗ ಇದನ್ನು ನಿಧಾನಗತಿಯ, ಆದರೆ ಹರಡಬಲ್ಲ ಗಡ್ಡೆಯ ಗುಂಪಿಗೇ ಸೇರಿಸಿದ್ದಾರೆ.

ಇದು ಬರುವುದು ಹೆಚ್ಚು ಕಡಿಮೆ ಹೆಂಗಸರಿಗೆ ಮಾತ್ರ. ಈಸ್ಟ್ರೊಜೆನ್ ಹಾರ್ಮೋನು ಇದಕ್ಕೆ ನೀರೆರೆಯುತ್ತದೆ. ಸಿಗರೇಟಿಗೂ ಇದಕ್ಕೂ ಸಂಬಂಧವಿಲ್ಲ. ಟ್ಯೂಬರಸ್ ಸ್ಕ್ಲೆರೋಸಿಸ್ ಇರುವ ವಯಸ್ಕ ಹೆಂಗಸರಲ್ಲಿ ಮೂರರಲ್ಲಿ ಒಬ್ಬರಿಗಾದರೂ ಸ್ಕ್ಯಾನ್‌ನಲ್ಲಿ ಇದರ ಟೊಳ್ಳುಗಳು ಕಾಣುತ್ತವೆ, ವಯಸ್ಸಾದಂತೆ ಪ್ರಮಾಣ ಏರುತ್ತದೆ. ಎಲ್ಲರಿಗೂ ತೊಂದರೆ ಆಗುವುದಿಲ್ಲ. ಆನುವಂಶಿಕ ಕಾಯಿಲೆ ಇಲ್ಲದೆ ಲ್ಯಾಮ್ ಮಾತ್ರ ಬರುವ ಹೆಂಗಸರೂ ಇದ್ದಾರೆ. ಅವರಲ್ಲಿ ವಂಶವಾಹಿಯ ತಪ್ಪು ಆ ಕೋಶಗಳಲ್ಲಷ್ಟೇ ಆಗಿರುತ್ತದೆ, ಮಕ್ಕಳಿಗೆ ಹೋಗುವುದಿಲ್ಲ.

ಒಂದೇ ತಪ್ಪು ಮಿದುಳು, ಚರ್ಮ, ಮೂತ್ರಪಿಂಡ, ಶ್ವಾಸಕೋಶ ಎಲ್ಲ ಕಡೆ ಗಡ್ಡೆ ಮಾಡುವುದು ಹೇಗೆ? ನಮ್ಮ ಕೋಶಗಳಲ್ಲಿ ಬೆಳವಣಿಗೆಗೆ ಒಂದು ಆಕ್ಸಿಲರೇಟರ್ ಇದೆ, ಹೆಸರು ಎಂಟಾರ್. ಅದಕ್ಕೆ ಬ್ರೇಕ್ ಹಾಕುವುದು ಟಿಎಸ್‌ಸಿ1, ಟಿಎಸ್‌ಸಿ2 ಎಂಬ ಎರಡು ವಂಶವಾಹಿಗಳು. 1990ರ ದಶಕದಲ್ಲಿ ಇವು ಪತ್ತೆಯಾದವು. ಪ್ರತಿ ವಂಶವಾಹಿಯ ಎರಡು ಪ್ರತಿ ನಮ್ಮಲ್ಲಿರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಈ ಕಾಯಿಲೆ ಇರುವವರು ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟಿರುತ್ತದೆ. ಮುಂದೆ ಯಾವುದೋ ಕೋಶದಲ್ಲಿ ಇನ್ನೊಂದೂ ಕೆಟ್ಟರೆ ಅಲ್ಲಿ ಬ್ರೇಕ್ ಫೇಲ್, ಗಡ್ಡೆ ಶುರು. ಸಾಮಾನ್ಯವಾಗಿ ಇವು ಕ್ಯಾನ್ಸರ್ ಆಗಿ ತಿರುಗುವುದಿಲ್ಲ. ಆದರೆ ಮಿದುಳು, ಶ್ವಾಸಕೋಶದಂಥ ಜಾಗದಲ್ಲಿ ಕೂತ ಗಡ್ಡೆ ಕ್ಯಾನ್ಸರ್ ಆಗದೆಯೂ ಜೀವಕ್ಕೆ ಕುತ್ತು ತರಬಲ್ಲದು.

ಆನುವಂಶಿಕ ಗಡ್ಡೆಗಳು ಶ್ವಾಸಕೋಶವನ್ನು ಹಿಡಿಯುವ ಉದಾಹರಣೆ ಇದೊಂದೇ ಅಲ್ಲ. ಡೈಸರ್1 ಎಂಬ ವಂಶವಾಹಿ ಕೆಟ್ಟ ಕುಟುಂಬಗಳಲ್ಲಿ ಪುಟ್ಟ ಮಕ್ಕಳಿಗೆ ಪ್ಲೂರೋಪಲ್ಮನರಿ ಬ್ಲಾಸ್ಟೋಮಾ ಎಂಬ ಅಪರೂಪದ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಶುರುವಿನಲ್ಲಿ ಅದು ಹುಟ್ಟಿನಿಂದ ಬಂದ ನಿರುಪದ್ರವಿ ಟೊಳ್ಳಿನ ಥರವೇ ಕಾಣುತ್ತದೆ. ಮಗುವಿನ ಶ್ವಾಸಕೋಶದಲ್ಲಿ ಇಂಥದ್ದು ಕಂಡಾಗ ವೈದ್ಯರು ಕುಟುಂಬದ ಚರಿತ್ರೆ ಕೆದಕಿ ಕೇಳುವುದು ಇದೇ ಕಾರಣಕ್ಕೆ.

ದ್ವೀಪದ ಮಣ್ಣಿನ ಔಷಧ

ಬೂರ್ನ್‌ವಿಲ್ ಕೈಯಲ್ಲಿ ಈ ಕಾಯಿಲೆಗೆ ಔಷಧವಿರಲಿಲ್ಲ. ಅದು ಬಂದದ್ದು ಯಾರೂ ಊಹಿಸದ ಕಡೆಯಿಂದ. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ಮಣ್ಣು ತಂದಿತು. ಅದರಲ್ಲಿದ್ದ ಬ್ಯಾಕ್ಟೀರಿಯಾದಿಂದ ಮಾಂಟ್ರಿಯಲ್‌ನ ಔಷಧ ಕಂಪನಿಯೊಂದರಲ್ಲಿ ಒಂದು ವಸ್ತುವನ್ನು ಬೇರ್ಪಡಿಸಿದ ತಂಡಕ್ಕೆ ಮುಂದಾಳಾಗಿದ್ದವರು ಭಾರತ ಮೂಲದ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದ ಸುರೇಂದ್ರನಾಥ್ ಸೆಹಗಲ್. ದ್ವೀಪದ ಸ್ಥಳೀಯ ಹೆಸರು ರಾಪಾ ನುಯಿ, ಅದರಿಂದ ಔಷಧಕ್ಕೆ ರಾಪಾಮೈಸಿನ್ ಎಂಬ ಹೆಸರು. ಕಂಪನಿ ಪ್ರಯೋಗಾಲಯ ಮುಚ್ಚಿದಾಗ ಸೆಹಗಲ್ ಆ ಬ್ಯಾಕ್ಟೀರಿಯಾವನ್ನು ಮನೆಯ ಫ್ರೀಜರ್‌ನಲ್ಲಿ ಇಟ್ಟು ಉಳಿಸಿದರು. ಈಗ ಸಿರೋಲಿಮಸ್ ಎಂದು ಕರೆಯುವ ಈ ಔಷಧ ಒತ್ತುವುದು ಅದೇ ಆಕ್ಸಿಲರೇಟರ್ ಅನ್ನು ಕೆಳಗಿಳಿಸುವ ಗುಂಡಿಯನ್ನು. ಎಂಟಾರ್ ಎಂಬ ಹೆಸರಿನ ಕೊನೆಯಲ್ಲಿರುವ ಆರ್ ಅಕ್ಷರ ರಾಪಾಮೈಸಿನ್‌ನದ್ದೇ.

2011ರಲ್ಲಿ 89 ಲ್ಯಾಮ್ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಸಿರೋಲಿಮಸ್ ತೆಗೆದುಕೊಂಡವರ ಶ್ವಾಸಕೋಶದ ಶಕ್ತಿ ಒಂದು ವರ್ಷ ಕುಸಿಯದೆ ನಿಂತಿತು. ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಕುಸಿಯತೊಡಗಿತು. ಅಂದರೆ ಇದು ಗುಣಪಡಿಸುವುದಿಲ್ಲ, ಹಿಡಿದು ನಿಲ್ಲಿಸುತ್ತದೆ. 2015ರಲ್ಲಿ ಅಮೆರಿಕದಲ್ಲಿ ಲ್ಯಾಮ್‌ಗೆಂದೇ ಅನುಮತಿ ಸಿಕ್ಕಿತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧವಿದು, ಅಂಗಡಿಯಲ್ಲಿ ಕೇಳಿ ನುಂಗುವ ಮಾತ್ರೆಯಲ್ಲ.

ನಿಮ್ಮ ಮನೆಗೆ ಇದು ಏಕೆ ಬೇಕು

ಸುಮಾರು 6,000 ಹೆರಿಗೆಗೆ ಒಂದರಂತೆ ಟ್ಯೂಬರಸ್ ಸ್ಕ್ಲೆರೋಸಿಸ್ ಇರುತ್ತದೆ. ನಮ್ಮ ಜನಸಂಖ್ಯೆಗೆ ಇದೇನೂ ಸಣ್ಣ ಲೆಕ್ಕವಲ್ಲ. ಹಸುಗೂಸಿನ ಮೈಮೇಲೆ ಎಲೆಯಾಕಾರದ ಬಿಳಿ ಮಚ್ಚೆಗಳು ಕಂಡರೆ ತೊನ್ನು ಎಂದು ಹೆದರುತ್ತೇವೆ, ಅಥವಾ ಕ್ಯಾಲ್ಸಿಯಂ ಕಮ್ಮಿ ಅನ್ನುತ್ತೇವೆ. ಒಂದೆರಡು ಮಚ್ಚೆ ಆರೋಗ್ಯವಂತರಲ್ಲೂ ಇರುತ್ತವೆ. ಆದರೆ ಮೂರು ಅಥವಾ ಅದಕ್ಕಿಂತ ಹೆಚ್ಚಿದ್ದು, ಜೊತೆಗೆ ಫಿಟ್ಸ್ ಅಥವಾ ಮಗು ಪದೇ ಪದೇ ಬೆಚ್ಚಿಬಿದ್ದಂತೆ ಮೈ ಮಡಿಸುವುದು ಇದ್ದರೆ ಮಕ್ಕಳ ನರರೋಗ ತಜ್ಞರಿಗೆ ತೋರಿಸುವುದರಲ್ಲಿ ತಡ ಮಾಡಬಾರದು. ಆ ಬೆಚ್ಚುವಿಕೆಯ ಫಿಟ್ಸಿಗೆ ಬೇಗ ಔಷಧ ಕೊಟ್ಟರೆ ಬುದ್ಧಿಯ ಬೆಳವಣಿಗೆ ಉಳಿಸಿಕೊಳ್ಳುವ ಅವಕಾಶ ಹೆಚ್ಚು. ಹದಿಹರೆಯಕ್ಕೆ ಮೊದಲೇ ಮೂಗಿನ ಎರಡೂ ಬದಿ ಕೆಂಪು ಗುಳ್ಳೆ ಬಂದು ಯಾವ ಮೊಡವೆ ಕ್ರೀಮಿಗೂ ಬಗ್ಗದಿದ್ದರೆ ಅದನ್ನೂ ಹೇಳಿ.

ಇನ್ನು ತಾಯಿಯ ಮೇಲೆ ಬರುವ ಅಪವಾದ. ಈ ಕಾಯಿಲೆಯ ಮೂವರಲ್ಲಿ ಇಬ್ಬರಿಗೆ ಅಪ್ಪ ಅಮ್ಮನಿಂದ ಬಂದದ್ದೇ ಅಲ್ಲ, ಆ ಮಗುವಿನಲ್ಲೇ ಹೊಸದಾಗಿ ಹುಟ್ಟಿದ ತಪ್ಪು. ಬಸುರಿಯಲ್ಲಿ ತಿಂದದ್ದರಿಂದ, ನೋಡಿದ್ದರಿಂದ, ಗ್ರಹಣದಿಂದ, ಸೋದರ ಸಂಬಂಧದ ಮದುವೆಯಿಂದ ಇದು ಬರುವುದಿಲ್ಲ. ಆದರೆ ಒಮ್ಮೆ ಬಂದ ಮೇಲೆ ಆ ವ್ಯಕ್ತಿಯ ಪ್ರತಿ ಮಗುವಿಗೂ ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಕೆಲವರಲ್ಲಿ ಕಾಯಿಲೆ ಎಷ್ಟು ಸೌಮ್ಯವೆಂದರೆ ಮಗುವಿಗೆ ಪತ್ತೆಯಾದ ಮೇಲೆ ಅಮ್ಮನ ಉಗುರಿನ ಪಕ್ಕದ ಸಣ್ಣ ಗಂಟು ನೋಡಿ ಆಕೆಗೂ ಇದೆ ಎಂದು ಗೊತ್ತಾಗುತ್ತದೆ. ಅಂಥ ಅಮ್ಮನ ಏದುಸಿರನ್ನು ಯಾರೂ ಜೋಡಿಸಿ ನೋಡಿರುವುದಿಲ್ಲ. ಅಸ್ತಮಾ ಎಂದು ವರ್ಷಗಟ್ಟಲೆ ಇನ್‌ಹೇಲರ್ ಎಳೆದವರು, ಟಿಬಿ ಮಾತ್ರೆ ನುಂಗಿದವರು ಇವರಲ್ಲಿದ್ದಾರೆ.

ಹಾಗಾಗಿ ಟ್ಯೂಬರಸ್ ಸ್ಕ್ಲೆರೋಸಿಸ್ ಇರುವ ಹೆಣ್ಣುಮಕ್ಕಳಿಗೆ 18 ವರ್ಷ ದಾಟಿದ ಮೇಲೆ, ಉಸಿರಿನ ತೊಂದರೆ ಇಲ್ಲದಿದ್ದರೂ, ಒಮ್ಮೆ ಎದೆಯ ಸಿಟಿ ಸ್ಕ್ಯಾನ್ ಮಾಡಿಸಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬರೀ ಎಕ್ಸ್‌ರೇ ಸಾಲದು, ಶುರುವಿನ ಟೊಳ್ಳುಗಳು ಅದರಲ್ಲಿ ಕಾಣದೇ ಹೋಗಬಹುದು. ಟೊಳ್ಳುಗಳಿದ್ದರೆ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಬೇಡ, ಬಸುರಿಗೆ ಮುಂಚೆ ಮತ್ತು ವಿಮಾನ ಪ್ರಯಾಣಕ್ಕೆ ಮುಂಚೆ ಶ್ವಾಸಕೋಶ ತಜ್ಞರನ್ನು ಕೇಳಬೇಕು. ಹೆಣ್ಣು ಎಂಬ ಕಾರಣಕ್ಕೆ, ಮದುವೆಗೆ ತೊಡಕಾದೀತು ಎಂಬ ಕಾರಣಕ್ಕೆ, ಚಿಕ್ಕಂದಿನ ಫಿಟ್ಸ್ ವಿಷಯವನ್ನು ಮುಚ್ಚಿಟ್ಟ ಮನೆಗಳಲ್ಲಿ ಈ ಸ್ಕ್ಯಾನ್ ತಪ್ಪಿಹೋಗುತ್ತದೆ. ಕನಿಷ್ಠ ಡಾಕ್ಟರ ಹತ್ತಿರವಾದರೂ ಅದನ್ನು ಹೇಳಿ.

ಅಂದಹಾಗೆ, ಬೀಗದ ಕೈ ಫಾರ್ವರ್ಡ್ ಮತ್ತೆ ಬಂದರೆ ಉತ್ತರವಾಗಿ ಇಷ್ಟು ಕಳಿಸಿ: ಫಿಟ್ಸ್ ಬಂದವರನ್ನು ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.